ಮನೆಗೊಂದಾಳು, ಬಾವಿಗೊಂದು ಕಾವಲು

ಆ ಊರಿನಲ್ಲಿ ಬೋರ್‌ವೆಲ್ ಇತ್ತು, ಕೈಪಂಪಿತ್ತು, ನೀರೂ ಬರುತ್ತಿತ್ತು. ಆದರೆ ಆ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಕಣ್ಣು ಹಾಯುವಷ್ಟು ದೂರವೂ ತೊಗರಿ ಬೆಳೆಯುವ ಊರಿನಲ್ಲಿ ಬೇಳೆ ಬೇಯದ ನೀರನ್ನು ನೀರೆಂದು ಯಾರು ಕರೆಯುತ್ತಾರೆ? ಕೈಪಂಪಿನ ನೀರು ದನಕ್ಕೆ, ಬಟ್ಟೆಗೆ. ಒಲೆಗೂ ಬಾಯಿಗೂ ಮೆಟ್ಟಿಲಬಾವಿಯ ನೀರೇ ಆಗಬೇಕು. ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಳಂದದ ಕಡೆಯವನು, ಆಗ ಯಡ್ರಾಮಿ ಸುತ್ತಿನ ಹಳ್ಳಿಗಳಿಗೆ ಹೆಲ್ತ್ ಇನ್ಸ್‌ಪೆಕ್ಟರಾಗಿದ್ದೆ. ಕೈಯಲ್ಲಿ ಬ್ಯಾಗು ಹಿಡಿದವರೆಲ್ಲ ಅಲ್ಲಿನವರಿಗೆ ಡಾಕ್ಟರೇ. ನನ್ನನ್ನೂ ಹಾಗೇ ಕರೆಯುತ್ತಿದ್ದರು, ನಾನೂ ಬಹಳ ತಿದ್ದಲು ಹೋಗುತ್ತಿರಲಿಲ್ಲ. ಆ ಬೇಸಿಗೆ ನನ್ನ ಹೆಗಲಿಗೆ ಬಿದ್ದದ್ದು ನಾರು ಹುಣ್ಣಿನ ಕೆಲಸ.

ಇಂದಿನವರಿಗೆ ಈ ರೋಗ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಬಾವಿಯ ನೀರಿನಲ್ಲಿ ಕಂಡೂ ಕಾಣದಂಥ ಸಣ್ಣ ಹುಳುಗಳಿರುತ್ತವೆ. ಅವುಗಳ ಹೊಟ್ಟೆಯಲ್ಲಿ ನಾರಿನ ಮರಿ ಇರುತ್ತದೆ. ನೀರಿನ ಜೊತೆ ಮರಿ ಮೈಯೊಳಗೆ ಸೇರಿ, ಒಂದು ವರ್ಷ ಸದ್ದಿಲ್ಲದೆ ಬೆಳೆದು, ಮೊಳ ಎರಡು ಮೊಳದ ಬಿಳಿ ದಾರವಾಗಿ, ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಗೆ ಬರುತ್ತದೆ. ಕೆಂಡ ಇಟ್ಟಂಥ ಉರಿ. ಉರಿ ತಾಳದೆ ಕಾಲನ್ನು ನೀರಿನಲ್ಲಿಟ್ಟರೆ ತಂಪು, ಆದರೆ ನಾರು ತನ್ನ ಮರಿಗಳನ್ನು ನೀರಿಗೆ ಬಿಡುವುದೂ ಆಗಲೇ. ಬಾವಿಗೆ ಮೆಟ್ಟಿಲಿದ್ದು, ಕೊಡ ತುಂಬುವವರ ಕಾಲು ನೀರಿನಲ್ಲಿ ಮುಳುಗುವಂತಿದ್ದರೆ ಮುಂದಿನ ವರ್ಷ ಊರಿಗೆ ಊರೇ ಕುಂಟುತ್ತದೆ. ಇದಕ್ಕೆ ಗುಳಿಗೆ ಇಲ್ಲ, ಸೂಜಿ ಇಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯುತ್ತ ಕೂಡಬೇಕು. ಅವಸರಪಟ್ಟು ಹರಿದರೆ ಕೀವಾಗಿ ಇನ್ನೂ ಎರಡು ತಿಂಗಳು ಹಾಸಿಗೆ.

ಮನೆ ಮನೆ ತಿರುಗಿ ರೋಗಿಗಳನ್ನು ಪಟ್ಟಿ ಮಾಡುವಾಗ ಊರ ಕೊನೆಯ ಒಂದು ಮನೆಗೆ ಹೋದೆ. ಪಡಸಾಲೆಯಲ್ಲಿ ಹತ್ತೊಂಬತ್ತರ ಹುಡುಗಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಒಳಗೆ ಅವಳ ತಾಯಿ ಗೋಣಿಚೀಲದ ಮೇಲೆ ಕಾಲೆತ್ತಿ ಮಲಗಿದ್ದರು. ತಂದೆ ತೀರಿಹೋಗಿದ್ದ. ಮೂರು ವರ್ಷದಿಂದ ಸರಿಯಾಗಿ ಮುಂಗಾರು ಬಿತ್ತನೆಯ ಹೊತ್ತಿಗೇ ತಾಯಿಗೆ ನಾರು ಏಳುತ್ತಿತ್ತು. ಎರಡೆಕರೆ ಹೊಲವಿದ್ದರೂ ಬಿತ್ತುವವರಿಲ್ಲದೆ ಅದನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಿದ್ದರು. ಇನ್ನೊಂದು ವರ್ಷ ಹೀಗೇ ಆದರೆ ಹೊಲವನ್ನೇ ಮಾರಿ ಕೈತೊಳೆದುಕೊಳ್ಳಿ ಎಂದು ತಾಯಿಯ ತಮ್ಮ ಹೇಳಿ ಹೋಗಿದ್ದನಂತೆ.

ಹುಡುಗಿ ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ಕೆದಕಿ ಕೆದಕಿ ಕೇಳಿದಳು. ಈಗ ಕುಡಿದದ್ದು ಮುಂದಿನ ಬೇಸಿಗೆಗೆ ಏಳುತ್ತದೆ ಎಂದೆ. ಯಂತ್ರದ ಗಾಲಿ ನಿಲ್ಲಿಸಿ ಲೆಕ್ಕ ಹಾಕಿದಳು.

"ಅಂದ್ರ ಈ ಬ್ಯಾಸಿಗಿ ನೀರು ಚಲೋ ಇದ್ರ, ಮುಂದಿನ ಬಿತ್ತಿಗಿಗೆ ನಮ್ಮವ್ವ ಎದ್ದು ನಿಲ್ತಾಳ. ಹೌದಲ್ರಿ?"

ಹೌದು ಎಂದೆ. ಈಗಾಗಲೇ ಕೆಟ್ಟ ನೀರು ಕುಡಿದಿದ್ದರೆ ನಾನೇನೂ ಮಾಡಲಾರೆ ಎಂಬ ಮಾತನ್ನು ನುಂಗಿಕೊಂಡೆ.

ಕೆಲಸ ಮೂರು ಬಗೆಯದು. ಬಾವಿಗೆ ತಿಂಗಳಿಗೊಮ್ಮೆ ಔಷಧ ಹಾಕಿ ಆ ಸಣ್ಣ ಹುಳುಗಳನ್ನು ಕೊಲ್ಲಬೇಕು. ಪ್ರತಿ ಮನೆಯ ಕೊಡದ ಬಾಯಿಗೆ ನೈಲಾನ್ ಬಟ್ಟೆ ಕಟ್ಟಿಸಿ ನೀರು ಸೋಸಿಸಬೇಕು. ನಾರು ಎದ್ದವರು ಬಾವಿಗೆ ಇಳಿಯದಂತೆ ಕಾವಲಿಡಬೇಕು. ಮೊದಲಿನ ಎರಡಕ್ಕೆ ಸರ್ಕಾರ ಸಾಮಾನು ಕೊಟ್ಟಿತ್ತು. ಕಾವಲಿಗೆ ಕೊಟ್ಟದ್ದು ಒಂದು ಸುತ್ತೋಲೆ: ಸ್ಥಳೀಯ ಯುವಕರನ್ನು ಸ್ವಯಂಸೇವಕರಾಗಿ ತೊಡಗಿಸಿಕೊಳ್ಳತಕ್ಕದ್ದು.

ತೊಡಗಿಸುವುದು ಹೇಗೆ ಎಂದು ಅಫಜಲಪುರದ ಕಡೆ ಕೆಲಸಕ್ಕಿದ್ದ ನನ್ನ ಗೆಳೆಯನನ್ನು ಕೇಳಿದೆ. ಅವನು ಅಲ್ಲೊಂದು ಊರಲ್ಲಿ ಹಿರಿಯರನ್ನು ಹಿಡಿದು ಮನೆಗೊಂದಾಳು ಎಂದು ಗೊತ್ತು ಮಾಡಿಸಿ ಒಂದೇ ದಿನದಲ್ಲಿ ಬಾವಿಯ ಹೂಳು ತೆಗೆಸಿದ್ದ. ಊರ ಕೆಲಸಕ್ಕೆ ಪ್ರತಿ ಮನೆಯೂ ಒಂದು ಆಳು ಕೊಡುವುದು ನಮ್ಮ ಕಡೆ ಹಳೆಯ ಪದ್ಧತಿ. ನನಗಿದು ಹೇಳಿ ಮಾಡಿಸಿದಂತೆ ಕಂಡಿತು. ಪಟ್ಟಿಯೆಂದರೆ ನನಗೆ ಮೊದಲೇ ಪ್ರಾಣ. ಊರ ಗೌಡರ ಕಟ್ಟೆಯಲ್ಲಿ ಕುಳಿತು ಮನೆಗಳ ಸಾಲಿನ ಪ್ರಕಾರ ಪಾಳಿ ಬರೆದೆ, ದಿನಕ್ಕೆ ಎರಡು ಮನೆ, ಬೆಳಿಗ್ಗೆ ಒಂದು, ಸಂಜೆ ಒಂದು. ಹಿರಿಯರೆಲ್ಲ ಹೂಂ ಎಂದರು. ಚಹಾ ಬಂತು. ಇಷ್ಟು ಸಲೀಸಾಗಿ ಮುಗಿಯುವ ಕೆಲಸಕ್ಕೆ ಇಲಾಖೆ ಯಾಕೆ ಇಷ್ಟು ಹೆದರುತ್ತದೆ ಎಂದು ಮನಸ್ಸಿನಲ್ಲೇ ಬೀಗಿದೆ.

ಮರುದಿನ ಹೊಲಿಗೆಯ ಹುಡುಗಿ ದಾರಿಗೆ ಅಡ್ಡ ಬಂದು ತಮ್ಮ ಮನೆಯ ಹೆಸರು ಪಾಳಿಯಲ್ಲಿ ಯಾಕಿಲ್ಲ ಎಂದು ಕೇಳಿದಳು. ಗಂಡಾಳಿಲ್ಲದ ಮನೆಗಳನ್ನು ಹಿರಿಯರು ಬಿಡಿಸಿದ್ದರು. ನಿಮಗೆ ರಿಯಾಯಿತಿ ಕೊಟ್ಟಿದ್ದೇವೆ ತಂಗಿ ಎಂದೆ, ಉಪಕಾರ ಮಾಡಿದವನ ಗತ್ತಿನಲ್ಲಿ. ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಮೊದಲ ಸಲದ ಔಷಧವನ್ನು ನಾನೇ ಹಾಕಿದೆ. ಬಾವಿಯ ಉದ್ದ, ಅಗಲ, ನೀರಿನ ಆಳ ಅಳೆದು ಗುಣಿಸಿದರೆ ಎಷ್ಟು ಸಾವಿರ ಲೀಟರು ಎಂದು ಸಿಗುತ್ತದೆ. ಸಾವಿರ ಲೀಟರಿಗೆ ಎರಡು ಮಿಲಿಯಂತೆ ಅಳತೆಯ ಗಾಜಿನ ಕೊಳವೆಯಲ್ಲಿ ಹಿಡಿದು, ಬಕೆಟ್ ನೀರಿನಲ್ಲಿ ಕಲಸಿ, ನಾಲ್ಕೂ ಮೂಲೆಗೆ ಚಿಮುಕಿಸಬೇಕು. ನೀರು ವಾಸನೆ ಬಂತೆಂದು ಹೆಂಗಸರು ಎರಡು ದಿನ ಗೊಣಗಿದರು. ಬಾಟಲಿಯಲ್ಲಿ ಮುಂದಿನ ತಿಂಗಳಿಗೆ ಸಾಲುವಷ್ಟು ಉಳಿಯಬೇಕಿತ್ತು. ಉಳಿದದ್ದು ತಳಕ್ಕಂಟಿದಷ್ಟೇ. ಇಲಾಖೆಯವರೇ ಕಡಿಮೆ ತುಂಬಿಸಿದ್ದಾರೆ ಎಂದು ಬೈದುಕೊಂಡೆ.

ಪಾಳಿ ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೆಯ ವಾರಕ್ಕೆ ಮೆಟ್ಟಿಲ ಮೇಲೆ ಹುಡುಗರ ಬದಲು ಮುದುಕರು ಕಾಣಿಸಿಕೊಂಡರು. ಆಮೇಲೆ ಸಂಬಳದಾಳುಗಳು. ಒಂದು ದಿನ ಒಬ್ಬರ ಮನೆಯ ಪಾಳಿಗೆ ಬರೀ ಅವರ ಬಡಿಗೆ ಕೂತಿತ್ತು, ಆಳು ಹೊಲಕ್ಕೆ ಹೋಗಿದ್ದ. ನಾನು ವಾರಕ್ಕೆರಡು ಸಲ ಸೈಕಲ್ಲಿನಲ್ಲಿ ಹೋಗಿ ಯಾವ ಮನೆಯವರು ಬಂದರು ಎಂದು ಕೇಳಿ ಪಟ್ಟಿಯಲ್ಲಿ ಗೀಟು ಎಳೆಯುತ್ತಿದ್ದೆ. ಮನೆ ಬಂದಿತ್ತು, ಗೀಟು ಬಿತ್ತು. ಯಾರು ಬಂದರು ಎಂದು ನೋಡುವ ಕಣ್ಣು ನನಗಿರಲಿಲ್ಲ. ಕಾಗದ ತುಂಬಿದ್ದರೆ ಹೊಟ್ಟೆ ತುಂಬಿದಂತಾಗುವ ನನ್ನ ಚಟವನ್ನು ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಒಂದು ಸೋಮವಾರ ಗೌಡರ ಮನೆಯ ಪಾಳಿ. ಅವರ ಮನೆಯ ಜೀತದಾಳು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ. ಗೌಡರ ಹೆಂಡತಿಗೆ ಎಡಗಾಲಿನ ಹರಡಿನ ಹತ್ತಿರ, ಪಾದದ ಗಂಟಿನಲ್ಲಿ, ನಾರು ಎದ್ದು ನಾಲ್ಕು ದಿನವಾಗಿತ್ತು. ನಾನೇ ಪಟ್ಟಿ ಕಟ್ಟಿ ಬಂದಿದ್ದೆ. ಆದರೆ ಮನೆಯ ಲಿಂಗಪೂಜೆಯ ನೀರನ್ನು, ಅವರ ಮಾತಿನಲ್ಲಿ ಅಗ್ಗಣಿಯನ್ನು, ಆಕೆ ಮದುವೆಯಾಗಿ ಬಂದಂದಿನಿಂದ ತನ್ನ ಕೈಯಾರೆ ತರುತ್ತಿದ್ದಳು. ಇನ್ನೊಬ್ಬರು ತಂದದ್ದು ಪೂಜೆಗೆ ಸಲ್ಲದು, ಕೈಪಂಪಿನದಂತೂ ಬೇಡವೇ ಬೇಡ. ಆಕೆ ಕುಂಟುತ್ತ ಬಂದಳು, ಪಟ್ಟಿ ಬಿಚ್ಚಿದಳು, ಕಾಲು ತೊಳೆದು ನೀರಿಗಿಳಿದು ತಂಬಿಗೆ ತುಂಬಿಕೊಂಡಳು. ಉರಿಗೆ ತಂಪೆನಿಸಿ ಒಂದಿಷ್ಟು ಹೊತ್ತು ಹಾಗೇ ನಿಂತಿದ್ದಳಂತೆ. ಜೀತದಾಳು ಎದ್ದು ದಾರಿ ಬಿಟ್ಟಿದ್ದ.

ಮಧ್ಯಾಹ್ನ ನನಗೆ ಸುದ್ದಿ ಮುಟ್ಟಿ ಓಡಿ ಬಂದೆ. ಆ ಆಳನ್ನು ಬಾಯಿಗೆ ಬಂದಂತೆ ಬೈದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳಿದ.

"ಅವರ ಉಪ್ಪು ತಿಂದು ಅವರಿಗೇ ಇಳೀಬ್ಯಾಡ್ರಿ ಅಂತ ಹ್ಯಾಂಗ ಅನ್ಲಿರಿ?"

ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ, ಸೀದಾ ಚಹಾದಂಗಡಿಗೆ ಹೋದೆ. ಪಾಳಿಗೆ ಬರಬೇಕಿದ್ದ ಹುಡುಗರು ಅಲ್ಲಿ ರೇಡಿಯೋ ಕೇಳುತ್ತ ಕೂತಿದ್ದರು. ಊರ ಹಿರಿಯರು ಮಾತು ಕೊಟ್ಟಿದ್ದಾರೆ, ನಿಮಗೆ ಊರಿನ ಮೇಲೆ ಅಭಿಮಾನವಿಲ್ಲವೇ ಎಂದು ಭಾಷಣ ಶುರುಮಾಡಿದೆ. ಪಿಯುಸಿ ಸೈನ್ಸಿನಲ್ಲಿ ಫೇಲಾಗಿ ಮನೆಯಲ್ಲಿದ್ದ ಒಬ್ಬ ಹುಡುಗ ಲೋಟ ಕೆಳಗಿಟ್ಟ.

"ಹೂಂ ಅಂದಾಂವ ನಮ್ಮಪ್ಪ ರೀ. ನನ್ನ ಯಾರ್ ಕೇಳ್ಯಾರ?"

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಕಾಲಿನಿಂದ ನೀರಿಗೆ ಬಿದ್ದ ಮರಿಗಳು ಸುಮಾರು ಎರಡು ವಾರದಲ್ಲಿ ಮನುಷ್ಯರಿಗೆ ಅಂಟುವಷ್ಟು ಬೆಳೆಯುತ್ತವೆ. ಅಷ್ಟರೊಳಗೆ ಇನ್ನೊಮ್ಮೆ ಔಷಧ ಬೀಳದಿದ್ದರೆ ಹೊಲಿಗೆಯ ಹುಡುಗಿಯ ಲೆಕ್ಕವೆಲ್ಲ ಮಣ್ಣುಪಾಲು. ಬಾಟಲಿ ನೋಡಿದರೆ ಖಾಲಿ.

ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗೆ ಹೋದೆ. ನನ್ನ ಪಾಲಿನ ಔಷಧ ನಾನು ಒಯ್ದಾಗಿತ್ತು, ಮುಂದಿನದು ಮುಂದಿನ ತಿಂಗಳು. ಅದು ಅವರ ತಪ್ಪಲ್ಲ. ಅಲ್ಲಿಂದ ಎರಡು ಬಸ್ಸು ಬದಲಿಸಿ ಅಫಜಲಪುರಕ್ಕೆ ಹೋಗಿ ಗೆಳೆಯನ ಮುಂದೆ ಕೈಯೊಡ್ಡಿದೆ. ಅವನು ಒಂದು ಬಾಟಲಿ ಕೊಟ್ಟ, ಜೊತೆಗೆ ಒಂದು ಪಾಠವನ್ನೂ ಪುಕ್ಕಟೆ ಹೇಳಿದ. ಹೂಳು ತೆಗೆಯುವುದು ಒಂದು ದಿನದ ಕೆಲಸವಪ್ಪ, ಒಂದು ದಿನಕ್ಕೆ ಯಾವ ಮನೆಯಾದರೂ ಆಳು ಕೊಡುತ್ತದೆ, ದಿನಾ ಬೆಳಗಾದರೆ ಕೊಡು ಎಂದರೆ ಯಾರು ಬೇಡವೋ ಅವರನ್ನು ಕಳಿಸುತ್ತದೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲವಲ್ಲ ಎಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಚಹಾದಂಗಡಿಯ ಮಾತನ್ನೇ ಮೆಲುಕು ಹಾಕಿದೆ. ಆ ಹುಡುಗನ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟೇ. ನಮ್ಮ ಕಾಲದಲ್ಲಿ ಅಪ್ಪ ಹೂಂ ಎಂದರೆ ನಾವು ಹೂಂ ಎಂದಂತೆಯೇ. ಆದರೆ ಈ ಹುಡುಗರು ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಬಂದವರು. ಅಪ್ಪನ ಕೈಬೆರಳ ಲೆಕ್ಕದಲ್ಲಿ ಒಂದು ಬೆರಳಾಗಿ ನಿಲ್ಲಲು ಅವರಿಗೆ ಮನಸ್ಸಿಲ್ಲ. ಹಾಗೆಂದು ಅವರು ಸೋಮಾರಿಗಳೇ? ಅದೇ ಹುಡುಗ ಊರಿನ ಮೂರು ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತಿದ್ದ, ಯಾರೂ ಹೇಳದೆ. ಪಾಳಿಯಲ್ಲಿ ಹೆಸರೇ ಇಲ್ಲದ ಹುಡುಗಿ ತಾನಾಗಿ ಬಂದು ಕೇಳಿದರೆ ನಾನು ರಿಯಾಯಿತಿ ಕೊಟ್ಟು ಕಳಿಸಿದ್ದೆ. ಬಸ್ಸು ಜೇವರ್ಗಿ ಮುಟ್ಟುವ ಹೊತ್ತಿಗೆ ಪಾಳಿಯ ಪಟ್ಟಿಯನ್ನು ಹರಿಯುವುದೆಂದು ನಿರ್ಧರಿಸಿದ್ದೆ. ಹರಿದೆ.

ಹೊಸದೊಂದು ನೋಟ್‌ಬುಕ್ ಕೊಂಡೆ. ಈ ಸಲ ಮನೆಗೊಂದು ಗೀಟಲ್ಲ, ಒಬ್ಬರಿಗೊಂದು ಪುಟ. ಊರಿನ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನೇ ಕಂಡು ಮೂರು ಪ್ರಶ್ನೆ ಕೇಳಿದೆ: ನೀನು ಏನು ಮಾಡುತ್ತೀ, ಯಾವ ಹೊತ್ತಿನಲ್ಲಿ ಮಾಡುತ್ತೀ, ಎಲ್ಲಿಯವರೆಗೆ ಮಾಡುತ್ತೀ. ಉತ್ತರವನ್ನು ಅವರ ಕೈಯಲ್ಲೇ ಬರೆಸಿದೆ. ಗೌಡರಿಗೆ ಇದು ಸರಿಬರಲಿಲ್ಲ. ಹೆಂಡತಿಯ ವಿಷಯದ ಮುಜುಗರವೂ ಇತ್ತು ಅನಿಸುತ್ತದೆ. ಆದರೆ ಅವರು ಆಡಿದ ಮಾತಿನಲ್ಲಿ ಹುರುಳಿತ್ತು.

"ಊರು ಕೊಟ್ಟ ಆಳು ಹ್ವಾದ್ರ ಊರು ಇನ್ನೊಬ್ಬನ್ನ ಕೊಡ್ತದ. ತಾನಾಗಿ ಬಂದಾಂವ ತಾನಾಗಿ ಹ್ವಾದ್ರ ನೀವು ಯಾರನ್ನ ಕೇಳ್ತೀರಿ, ಡಾಕ್ಟರ್ರ?"

ಅದನ್ನು ಆಗ ನೋಡೋಣ ಎಂದೆ. ನೋಟ್‌ಬುಕ್ಕಿನಲ್ಲಿ ತುಂಬಿದ್ದು ಐದೇ ಪುಟ. ಮೊದಲಿನ ಪಟ್ಟಿ ಎಷ್ಟು ಉದ್ದವಿತ್ತು! ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಹೇಳಿಕೊಂಡು ಸಮಾಧಾನಪಟ್ಟೆ.

ಪಿಯುಸಿ ಹುಡುಗ ಔಷಧದ ಕೆಲಸ ಕೇಳಿದ. ಮುಂದೆ ಕಂಪೌಂಡರ್ ಆಗುವ ಆಸೆಯಂತೆ, ಕೆಲಸ ಮಾಡಿದ್ದಕ್ಕೆ ಕಾಗದ ಬರೆದುಕೊಡಬೇಕೆಂದ. ಸ್ವಯಂಸೇವೆಗೆ ಕರಾರೇ ಎಂದು ನನ್ನ ಹಳೆಯ ತಲೆ ಹುಬ್ಬು ಗಂಟಿಕ್ಕಿತು. ಆದರೂ ಆಗಲಿ ಎಂದೆ. ಅವನು ಹಗ್ಗಕ್ಕೆ ಕಲ್ಲು ಕಟ್ಟಿ, ಗೇಣಿಗೊಂದು ಗಂಟು ಹಾಕಿ, ಬಾವಿಯನ್ನು ಮೂರು ಕಡೆ ಅಳೆದು ನನ್ನ ಹತ್ತಿರ ಬಂದ. ಬಾವಿ ಕೆಳಗೆ ಹೋದಂತೆ ಕಿರಿದಾಗುತ್ತದೆ, ನೀವು ಮೇಲಿನ ಅಳತೆ ಹಿಡಿದು ಗುಣಿಸಿದ್ದೀರಿ, ಅದಕ್ಕೇ ಔಷಧ ಹೆಚ್ಚು ಬಿದ್ದು ವಾಸನೆ ಬಂತು, ಬಾಟಲಿಯೂ ಮುಗಿಯಿತು ಎಂದು ಮೆಲ್ಲಗೆ ಹೇಳಿದ. ನಾನು ಇಲಾಖೆಯನ್ನು ಬೈದದ್ದನ್ನು ಅವನಿಗೆ ಹೇಳಲಿಲ್ಲ. ಹನ್ನೆರಡನೆಯ ದಿನ ಅವನ ಅಳತೆಯ ಪ್ರಕಾರವೇ ಔಷಧ ಬಿತ್ತು. ಎರಡು ದಿನ ಬಿಟ್ಟು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದೆವು. ಚಿಟಿಚಿಟಿ ಹಾರುವ ಬಿಳಿ ಚುಕ್ಕೆಯಂಥ ಆ ಹುಳು ಒಂದೂ ಕಾಣಲಿಲ್ಲ.

ಇನ್ನೊಬ್ಬನಿಗೆ ಅಕ್ಷರ ಬರೆಯುವ ಹುಚ್ಚು. ಗೋಡೆಗಳ ಮೇಲೆ 'ನೀರು ಸೋಸಿ ಕುಡಿಯಿರಿ' ಎಂದು ಆಳೆತ್ತರದ ಅಕ್ಷರ ಬರೆದ. ಪ್ರತಿ ಗೋಡೆಯ ಕೆಳಗೂ ತನ್ನ ಹೆಸರು ಹಾಕಿಕೊಂಡ. ಸರ್ಕಾರದ ಘೋಷಣೆಗೆ ಇವನ ಹೆಸರೇನು ಎಂದು ನಮ್ಮ ವೈದ್ಯಾಧಿಕಾರಿ ತಕರಾರು ತೆಗೆದರು. ಹೆಸರು ಅಳಿಸಿದರೆ ಅಕ್ಷರವೂ ನಿಲ್ಲುತ್ತದೆ ಸಾರ್ ಎಂದು ನಾನು ಅಡ್ಡ ನಿಂತೆ. ಉಳಿದ ಇಬ್ಬರು ಸಂಜೆಯ ಕಾವಲಿಗೆ ಒಪ್ಪಿದರು.

ಐದನೆಯ ಪುಟ ಹೊಲಿಗೆಯ ಹುಡುಗಿಯದು. ನೈಲಾನ್ ಬಟ್ಟೆಗೆ ಅಂಚು ಹೊಲಿದು ಕೊಡುವ ಕೆಲಸವನ್ನು ಅವಳಿಗೆ ನಾನೇ ಗೊತ್ತು ಮಾಡಿಕೊಂಡು ಹೋಗಿದ್ದೆ. ಅದನ್ನು ಮಾಡುತ್ತೇನೆ, ಆದರೆ ಬಾವಿಯ ಬೆಳಗಿನ ಕಾವಲೂ ನನಗೇ ಬೇಕು ಎಂದಳು. ಕುಡಿಯುವ ನೀರಿಗೆ ಬರುವವರೆಲ್ಲ ಹೆಂಗಸರು, ಹೆಂಗಸರ ಕಾಲಿನ ಪಟ್ಟಿ ಗಂಡು ಹುಡುಗರು ಹೇಗೆ ನೋಡುತ್ತಾರೆ ಎಂದು ಕೇಳಿದಳು. ಇಷ್ಟು ಸರಳವಾದದ್ದು ನನಗೂ ಹೊಳೆದಿರಲಿಲ್ಲ, ಕಟ್ಟೆಯ ಹಿರಿಯರಿಗೂ ಹೊಳೆದಿರಲಿಲ್ಲ. ಎಲ್ಲಿಯವರೆಗೆ ಎಂಬ ಪ್ರಶ್ನೆಗೆ 'ಮುಂದಿನ ಬಿತ್ತಿಗೆಯ ತನಕ' ಎಂದು ದುಂಡಗೆ ಬರೆದು ಸಹಿ ಹಾಕಿದಳು. ಒಳಗಿನಿಂದ ತಾಯಿ, ಮದುವೆಯಾಗುವ ಹುಡುಗಿಗೆ ಬಾವಿಕಟ್ಟೆ ಯಾಕೆ ಬೇಕು ಎಂದು ಗೊಣಗಿದ್ದು ಕೇಳಿಸಿತು.

ಅಂಚಿನ ಹೊಲಿಗೆಯಲ್ಲೂ ಅವಳದೊಂದು ಬುದ್ಧಿ ಇತ್ತು. ಸೋಸುವ ಬಟ್ಟೆಯನ್ನು ಪ್ರತಿ ಸಲ ಒಂದೇ ಮಗ್ಗುಲು ಮೇಲೆ ಬರುವಂತೆ ಕಟ್ಟಬೇಕು. ತಿರುಗುಮುರುಗಾದರೆ ಹಿಂದಿನ ಸಲ ಸಿಕ್ಕಿಬಿದ್ದ ಹುಳುಗಳೇ ಕೊಡದೊಳಗೆ ಇಳಿಯುತ್ತವೆ. ನಾನು ಇದನ್ನು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೆ. ಅವಳು ಮೇಲಿನ ಮಗ್ಗುಲಿಗೆ ಮಾತ್ರ ಕೆಂಪು ದಾರದ ಅಂಚು ಹೊಲಿದು, ಕುಂಕುಮ ಮೇಲಿರಬೇಕು ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಆಮೇಲೆ ಯಾವ ಮನೆಯಲ್ಲೂ ಬಟ್ಟೆ ತಿರುವಿ ಕಟ್ಟಿದ್ದು ನಾನು ನೋಡಲಿಲ್ಲ.

ನಿಜವಾದ ಪರೀಕ್ಷೆ ಮತ್ತೊಂದು ಸೋಮವಾರ ಬಂತು. ಸೋಮವಾರದ ಪೂಜೆಗೆ ಗೌಡರ ಹೆಂಡತಿ ಅಗ್ಗಣಿಗೆ ಬಂದೇ ಬರುತ್ತಾಳೆಂದು ನನಗೆ ಗೊತ್ತಿದ್ದುದರಿಂದ ಅಂದು ಬೆಳಗಿನ ಜಾವವೇ ಹೊರಟು ಬಾವಿಯ ಹತ್ತಿರದ ಬೇವಿನ ಮರದ ಕೆಳಗೆ ನಿಂತಿದ್ದೆ. ಮುಂದೆ ಹೋಗಲು ಧೈರ್ಯವಿರಲಿಲ್ಲ, ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಗೌಡರ ಹೆಂಡತಿ ತಂಬಿಗೆ ಹಿಡಿದು ಬಂದಳು. ಕಾಲಿಗೆ ಪಟ್ಟಿ ಇನ್ನೂ ಇತ್ತು. ಹುಡುಗಿ ಮೇಲಿನ ಮೆಟ್ಟಿಲ ಮೇಲೆ ಎದ್ದು ನಿಂತಳು. ಆ ಮನೆಯ ಹೆಂಗಸರ ಕುಪ್ಪಸ, ಲಂಗ ಎಲ್ಲ ಹೊಲಿಯುತ್ತಿದ್ದವಳು ಇವಳೇ, ಇವಳ ಮನೆಯ ಒಲೆ ಉರಿಯುತ್ತಿದ್ದುದೇ ಆ ಹೊಲಿಗೆಯಿಂದ. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು.

"ಅವ್ವಾರ, ಇಳೀಬ್ಯಾಡ್ರಿ," ಎಂದಳು. "ಆ ಕಡಿ ರಾಟಿ ಕಟ್ಟೇವಿ. ನಿಮ್ಮ ಕೈಲೇ ಸೇದಿ ಅಗ್ಗಣಿ ಒಯ್ಯಿರಿ. ಕಾಲು ಒಣಾ ಇರ್ಲಿ."

ಬಾವಿಯ ಮೆಟ್ಟಿಲಿಲ್ಲದ ಮಗ್ಗುಲಿನಲ್ಲಿ ಹಿಂದಿನ ದಿನ ಎರಡು ಕಂಬ ನೆಟ್ಟು, ಹಳೆಯದೊಂದು ರಾಟೆ ಕಟ್ಟಿ, ಹೊಸ ಹಗ್ಗ ಹಾಕಿದ್ದರು. ಹುಡುಗಿ ಹೇಳಿದ್ದಳು, ಪಿಯುಸಿ ಹುಡುಗ ಕಟ್ಟಿದ್ದ. ನನಗೆ ಸುದ್ದಿಯೇ ಇರಲಿಲ್ಲ. ಗೌಡರ ಹೆಂಡತಿ ರಾಟೆಯನ್ನೂ ನೋಡಿದಳು, ಹುಡುಗಿಯನ್ನೂ ನೋಡಿದಳು.

"ಯಾರ ಮನಿ ಪಾಳಿಬೇ ಇವತ್ತ?"

"ಯಾರ ಮನೀದೂ ಅಲ್ರಿ. ನಾನಾಗೇ ನಿಂತೀನಿ."

ಗೌಡರ ಹೆಂಡತಿ ಖಾಲಿ ತಂಬಿಗೆಯೊಡನೆ ತಿರುಗಿ ಹೋದಳು. ಹುಡುಗಿ ಮತ್ತೆ ಮೆಟ್ಟಿಲ ಮೇಲೆ ಕೂತಳು. ನಾನು ಮರದ ಕೆಳಗಿನಿಂದ ಬಂದು ಶಹಬ್ಬಾಸ್ ಎಂದೆ. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮಧ್ಯಾಹ್ನದೊಳಗೆ ಗೌಡರ ಮನೆಯ ಆಳು ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ಕತ್ತರಿಸಿದವೂ ಕತ್ತರಿಸದವೂ ಸೇರಿಸಿ ಗಂಟು ಕಟ್ಟಿಕೊಂಡು ಹೋದ. ಗೌಡರ ಹತ್ತಿರ ಹೋಗಿ ಮಾತಾಡುತ್ತೇನೆಂದರೆ ಹುಡುಗಿ ಬೇಡವೆಂದಳು. ನೀವು ಹೋದರೆ ನಾನು ನೀವು ನಿಲ್ಲಿಸಿದ ಆಳಾಗುತ್ತೇನೆ ಎಂದಳು. ಮಂಗಳವಾರ, ಬುಧವಾರ ಅವಳು ಎಂದಿನಂತೆ ಮೆಟ್ಟಿಲ ಮೇಲೆ ಇದ್ದಳು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರಲ್ಲ, ಗುರುವಾರ ಬೆಳಿಗ್ಗೆ ಗೌಡರ ಹೆಂಡತಿ ಬಂದಳು. ಮೆಟ್ಟಿಲ ಕಡೆ ತಿರುಗಿಯೂ ನೋಡದೆ ರಾಟೆಯ ಹತ್ತಿರ ಹೋಗಿ ತನ್ನ ಕೈಯಾರೆ ನೀರು ಸೇದಿಕೊಂಡು ಹೋದಳು. ಬಟ್ಟೆಯ ಗಂಟು ಮಾತ್ರ ದೀಪಾವಳಿಯವರೆಗೂ ತಿರುಗಿ ಬರಲಿಲ್ಲ. ಆ ತಿಂಗಳುಗಳನ್ನು ತಾಯಿ ಮಗಳು ಹೇಗೆ ಕಳೆದರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ವರ್ಷ ಹೊಲ ಮತ್ತೆ ಪಾಲಿಗೆ ಹೋಯಿತು. ತಾಯಿಯ ಕಾಲು ಮಾಯುವ ಹೊತ್ತಿಗೆ ತೊಗರಿ ಮೊಳಕಾಲೆತ್ತರ ಬಂದಿತ್ತು.

ಗೌಡರು ಹೇಳಿದ್ದು ನಡೆಯಲು ಬಹಳ ದಿನ ಹಿಡಿಯಲಿಲ್ಲ. ಅಕ್ಷರದ ಹುಡುಗ ತನ್ನ ಗೋಡೆಗಳನ್ನೇ ತೋರಿಸಿ ಸೊಲ್ಲಾಪುರದ ಬೋರ್ಡು ಬರೆಯುವ ಅಂಗಡಿಯಲ್ಲಿ ಕೆಲಸ ಹಿಡಿದ. ಹೆಸರು ಹಾಕಿಕೊಂಡದ್ದು ಯಾಕೆಂದು ಆಗ ನನಗೆ ತಿಳಿಯಿತು. ಪಿಯುಸಿ ಹುಡುಗ ಪರೀಕ್ಷೆ ಮತ್ತೆ ಕಟ್ಟಿ ಪಾಸಾಗಿ ಗುಲ್ಬರ್ಗಕ್ಕೆ ಹೋದ. ಹೋಗುವಾಗ ನಾನು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡ. ಗಂಟಿನ ಹಗ್ಗ ಮತ್ತು ಬಾವಿಯ ಅಳತೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟ. ಸಂಜೆಯ ಕಾವಲಿನ ಇಬ್ಬರಲ್ಲಿ ಒಬ್ಬ ಹೇಳದೆ ಕೇಳದೆ ಬರುವುದನ್ನೇ ಬಿಟ್ಟ. ವೈದ್ಯಾಧಿಕಾರಿ ತಪಾಸಣೆಗೆ ಬಂದಾಗ, ಐದು ಜನರಲ್ಲಿ ಇಬ್ಬರು ಉಳಿದಿದ್ದಾರೆ, ಇದೆಂ‌ಥ ಸಂಘಟನೆ ಎಂದು ಎಲ್ಲರ ಮುಂದೆ ಝಾಡಿಸಿದರು. ಹೋದವರ ಜಾಗಕ್ಕೆ ನಾನು ಮತ್ತೆ ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ ಅದೇ ಮೂರು ಪ್ರಶ್ನೆ ಕೇಳಬೇಕಾಯಿತು. ಕೆಲವರು ಒಂದು ವಾರಕ್ಕೆ ಒಪ್ಪಿದರು, ಒಬ್ಬ ಹತ್ತನೆಯ ತರಗತಿ ಪರೀಕ್ಷೆಯವರೆಗೆ ಎಂದ. ಪಾಳಿಯ ಪಟ್ಟಿ ಒಂದು ಸಲ ಬರೆದರೆ ವರ್ಷವೆಲ್ಲ ನಡೆಯುತ್ತಿತ್ತು, ಸುಳ್ಳಾಗಿಯಾದರೂ. ಈ ನೋಟ್‌ಬುಕ್ ಎಂದೂ ಮುಗಿಯದ ಕೆಲಸ. ಹಲವು ಸಲ ಬೇಸತ್ತು ಹೋಗಿದ್ದೇನೆ. ಆದರೆ ಇಷ್ಟು ಮಾತ್ರ ನಿಜ, ಬರೆದುಕೊಟ್ಟಷ್ಟು ದಿನ ಬಂದವರು ಕಣ್ಣು ತೆರೆದು ಕೂತರು.

ಹುಡುಗಿಯ ಬೆಳಗಿನ ಕಾವಲು ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದ ಎರಡು ದಿನ ಮಾತ್ರ ಪಕ್ಕದ ಮನೆಯ ಸೊಸೆಯನ್ನು ಕೂರಿಸಿದ್ದಳು.

ಮುಂದಿನ ಬೇಸಿಗೆ ಬಂತು. ಮಾರ್ಚಿನಿಂದಲೇ ವಾರಕ್ಕೆರಡು ಸಲ ಮನೆ ಮನೆ ತಿರುಗಿ ಕಾಲು ನೋಡುತ್ತಿದ್ದೆ. ಊರಿನಲ್ಲಿ ಮೂವರಿಗೆ ನಾರು ಎದ್ದಿತು. ಮೂವರೂ ಹಿಂದಿನ ವರ್ಷ ಸುಗ್ಗಿಗೆ ಪರಊರಿಗೆ ಹೋಗಿ ಬಂದವರು. ಹುಡುಗಿಯ ತಾಯಿಗೆ ಏಪ್ರಿಲ್ಲಿನಲ್ಲಿ ಏನೂ ಇಲ್ಲ, ಮೇ ತಿಂಗಳಲ್ಲೂ ಇಲ್ಲ. ಮೇ ಕೊನೆಗೆ ಮೀನಖಂಡದಲ್ಲಿ ಕಡಿತವೆಂದರು. ಬೊಬ್ಬೆ ಏಳುವ ಮುಂಚೆ ಹಾಗೆಯೇ ಕಡಿತ ಶುರುವಾಗುತ್ತದೆ. ನಾಲ್ಕು ದಿನ ಬಿಟ್ಟು ಹೋದಾಗ ಕಡಿತ ಇಳಿದಿತ್ತು, ಗಾದರಿ ಮಾತ್ರ ಇತ್ತು, ಸೊಳ್ಳೆ ಕಚ್ಚಿ ಎದ್ದದ್ದು. ಹೊಲವನ್ನು ಆ ವರ್ಷ ಪಾಲಿಗೆ ಕೊಟ್ಟಿರಲಿಲ್ಲ. ಹುಡುಗಿ ಬೀಜ ತಂದಿಟ್ಟಿದ್ದಳು.

ಮೃಗಶಿರಾ ಮಳೆ ಬಿದ್ದ ನಾಲ್ಕನೆಯ ದಿನ ಮತ್ತೆ ಕಾಲು ನೋಡಲು ಹೋದೆ. ಮನೆಗೆ ಬೀಗ. ಪಕ್ಕದವರು ಹೊಲದ ದಾರಿ ತೋರಿಸಿದರು. ಹೊಲದಲ್ಲಿ ನೆರೆಯವನ ಎತ್ತು, ನೆರೆಯವನದೇ ಕೂರಿಗೆ. ಅದರ ಹಿಂದೆ ತಾಯಿ ಸೊಂಟಕ್ಕೆ ಬೀಜದ ಉಡಿ ಕಟ್ಟಿ ತೊಗರಿಯ ಸಾಲಿಗೆ ಬೀಜ ಬಿಡುತ್ತ ಹೋಗುತ್ತಿದ್ದರು. ಬದುವಿನಲ್ಲಿ ಬೀಜದ ಬುಟ್ಟಿಯ ಹತ್ತಿರ ಹುಡುಗಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು.

"ಡಾಕ್ಟರ್ರ, ನಾಳಿಂದ ನಾ ಬಾವಿಗಿ ಬರಂಗಿಲ್ರಿ."

ಮದುವೆ ಗೊತ್ತಾಯಿತೇ ಎಂದು ಕೇಳಿದೆ. ಇಲ್ಲ, ಬಿತ್ತಿಗೆ ಬಂತಲ್ಲ ಎಂದಳು. ನಾನು ಬಿಟ್ಟುಕೊಡಲಿಲ್ಲ. ಊರಿಗೆಲ್ಲ ನಿನ್ನ ಮೇಲೆ ನಂಬಿಕೆ ಇದೆ, ಇನ್ನೊಂದು ವರ್ಷ ನಡೆಸಿದರೆ ಊರೇ ಗೆದ್ದಂತೆ, ನೀನು ಬಿಟ್ಟರೆ ಬೆಳಿಗ್ಗೆ ಯಾರು ನಿಲ್ಲುತ್ತಾರೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಗೌಡರ ಕಟ್ಟೆಯ ದನಿಯಾಗುತ್ತಿತ್ತು, ನನಗೇ ಗೊತ್ತಾಯಿತು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಯಾರು ನಿಲ್ತಾರ ಅಂತ ನೀವು ಹೋಗಿ ಕೇಳ್ರಿ. ನನ್ನ ಕೇಳಿದಾಗ ನಾ ಇಷ್ಟೇ ಅಂತ ಬರದು ಕೊಟ್ಟೀನಿ."

ಹೌದು, ಬರೆದುಕೊಟ್ಟಿದ್ದಳು. ಅದಕ್ಕಿಂತ ಒಂದು ದಿನ ಕಡಿಮೆ ಮಾಡಿರಲಿಲ್ಲ. ನನಗೆ ನೋವೂ ಆಯಿತು, ನೋವಾಗಲು ಹಕ್ಕಿಲ್ಲ ಎಂದೂ ಅನಿಸಿತು. ಆಯಿತು ತಂಗಿ, ಬಹಳ ದೊಡ್ಡ ಕೆಲಸ ಮಾಡಿದೆ ಎಂದೆ. ಅವಳು ಮೊದಲ ಸಲ ನನ್ನೆದುರು ನಕ್ಕಳು. ಆಮೇಲೆ ಬುಟ್ಟಿ ಎತ್ತಿಕೊಂಡು ತಾಯಿಯ ಉಡಿ ತುಂಬಲು ಹೋದಳು.

ನಾನು ಬಂದ ಕೆಲಸ ಬಾಕಿ ಇತ್ತು. ಚಪ್ಪಲಿ ಬದುವಿನಲ್ಲಿ ಬಿಟ್ಟು ಹಸಿ ಮಣ್ಣಿಗಿಳಿದು, ಒಂದು ಕ್ಷಣ ನಿಲ್ಲಿ ಅವ್ವಾ, ಕಾಲು ನೋಡಿ ಬರೆದುಕೊಳ್ಳಬೇಕು ಎಂದೆ. ತಾಯಿ ಸಾಲಿನಿಂದ ಕಣ್ಣು ತೆಗೆಯಲಿಲ್ಲ.

"ನೋಡೂದಿದ್ರ ಹಿಂದ ಹಿಂದ ಬರ್ರಿ, ಯಪ್ಪಾ. ನಾ ನಿಲ್ಲಂಗಿಲ್ಲ."

ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಆಕೆಯ ಕಾಲನ್ನೇ ನೋಡುತ್ತ ಸಾಲಿನ ತುದಿಯವರೆಗೆ ಹಿಂದೆ ಹಿಂದೆ ನಡೆದೆ. ಎರಡೂ ಕಾಲಿಗೆ ಮಣ್ಣು ಮೆತ್ತಿತ್ತು. ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ.